ಕಪ್ಪೆ ಯಾವಾಗ ಬರುತ್ತದೆ ಎಂದು ಕೇಳುವವರಿಗೆ

ನಾನೊಂದು ಹಸಿರು ಕಪ್ಪೆಗೆ ಮುಂಗಡ ಕಟ್ಟಿ ಕೂತಿದ್ದೇನೆ ಎನ್ನುವುದು ಈಗ ನಮ್ಮ ಫ್ಯಾಕ್ಟರಿಯ ಕ್ಯಾಂಟೀನ್‌ವರೆಗೂ ಗೊತ್ತಾಗಿದೆ. "ಮೇಡಂ, ಕಪ್ಪೆ ಬಂತಾ?" ಎಂದು ಕಟಿಂಗ್ ಮಾಸ್ಟರ್ ಕೂಡ ಕೇಳುತ್ತಾರೆ. ಬಂದಿಲ್ಲ. ಊರಿಗೆ ಫೋನ್ ಮಾಡಿದರೆ ಅಮ್ಮನದು ಬೇರೆ ಪ್ರಶ್ನೆ. "ಎಂತಾ ಹೆಣೆ, ಒಂದ್ ಕಪ್ಪಿಗ್ ಅಷ್ಟ್ ದುಡ್ಡಾ?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಒಂದು ತಡದ ಬಗ್ಗೆ, ಇನ್ನೊಂದು ಬೆಲೆಯ ಬಗ್ಗೆ. ಎರಡಕ್ಕೂ ಕಾರಣ ಒಂದೇ ಕಡೆ ಇದೆ ಎಂದು ನನ್ನ ಲೆಕ್ಕ.

ಕಪ್ಪೆಯ ಹೆಸರು ಕೆರ್ಮಿಟ್. ಅಮೆರಿಕದ ಜಿಮ್ ಹೆನ್ಸನ್ 1955ರಲ್ಲಿ ಮಾಡಿದ ಕೈಗೊಂಬೆ. ತನ್ನ ಅಮ್ಮನ ಹಳೆಯ ಕೋಟು ಕತ್ತರಿಸಿ ಮೈ ಹೊಲಿದ, ಪಿಂಗ್ ಪಾಂಗ್ ಚೆಂಡು ಎರಡು ಹೋಳು ಮಾಡಿ ಕಣ್ಣು ಇಟ್ಟ. ಆಗಿನ್ನೂ ಅದು ಕಪ್ಪೆ ಎಂದು ಕೂಡ ಗಟ್ಟಿಯಾಗಿರಲಿಲ್ಲ. ವಾಷಿಂಗ್ಟನ್‌ನ ಒಂದು ಲೋಕಲ್ ಟಿವಿ ಸ್ಟೇಷನ್‌ನಲ್ಲಿ ಐದು ನಿಮಿಷದ ಕಾರ್ಯಕ್ರಮಕ್ಕೆ ಮಾಡಿಕೊಂಡ ಗೊಂಬೆ. ಹೆನ್ಸನ್ ತನ್ನ ಗೊಂಬೆಗಳಿಗೆ ಇಟ್ಟ ಹೆಸರು ಮಪೆಟ್. ಆಮೇಲೆ 1976ರಿಂದ 1981ರವರೆಗೆ ಟಿವಿಯಲ್ಲಿ ನಡೆದ ಮಪೆಟ್ ಶೋದಲ್ಲಿ ಅದು ಜಗತ್ತಿಗೆಲ್ಲ ಪರಿಚಯವಾಯಿತು. ಹೆನ್ಸನ್ 1990ರಲ್ಲಿ ತೀರಿಕೊಂಡ. 2004ರಲ್ಲಿ ಈ ಗೊಂಬೆಗಳ ಹಕ್ಕು ಡಿಸ್ನಿಯ ಕೈಗೆ ಹೋಯಿತು. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಕೆರ್ಮಿಟ್‌ನ ಅಳತೆಗೆ ಸರಿಯಾಗಿ, ಅದೇ ಥರದ ಬಟ್ಟೆಯಲ್ಲಿ ಮಾಡುವ ಪ್ರತಿಕೃತಿಯೊಂದನ್ನು ಹೊರದೇಶದ ಒಂದು ಕಂಪನಿ 2024ರ ಆರಂಭದಲ್ಲಿ ಘೋಷಿಸಿತು. ಬೆಲೆ 450 ಡಾಲರ್. ಶೇಕಡ 10 ಮುಂಗಡ, ಉಳಿದದ್ದು ಸಾಮಾನು ಹೊರಡುವ ಮುಂಚೆ. ವರ್ಷದ ಕೊನೆಗೆ ಕಳಿಸುತ್ತೇವೆ ಎಂದಿದ್ದರು. ಆಮೇಲೆ ಮುಂದಿನ ವರ್ಷದ ಮಧ್ಯಕ್ಕೆ ಎಂದರು. ಈಗ ತಿಂಗಳು ಹೇಳುವುದನ್ನೇ ಬಿಟ್ಟಿದ್ದಾರೆ. ಕಂಪನಿಯ ಹೆಸರು ಬೇಡ. ಮುಂಗಡ ಇನ್ನೂ ಅವರ ಹತ್ತಿರವೇ ಇದೆ.

ನಾನು ಪೀಣ್ಯದ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಮರ್ಚಂಡೈಸರ್. ಅಂದರೆ ಆರ್ಡರ್ ಕೊಡುವ ಬೈಯರ್‌ಗೂ ಫ್ಯಾಕ್ಟರಿಗೂ ನಡುವೆ ನಿಂತು ಎರಡೂ ಕಡೆಯಿಂದ ಬೈಸಿಕೊಳ್ಳುವ ಕೆಲಸ. ಕಾಸ್ಟಿಂಗ್ ಶೀಟ್ ಮಾಡುವುದು, ಸ್ಯಾಂಪಲ್ ಕಳಿಸುವುದು, ಅಪ್ರೂವಲ್‌ಗೆ ಕಾಯುವುದು, ಶಿಪ್‌ಮೆಂಟ್ ತಡ ಆದರೆ ಕಾರಣ ಬರೆಯುವುದು. ಹಾಗಾಗಿ ಇಂಥ ಗೊಂಬೆಯ ಘೋಷಣೆ ಬಂದಾಗ ನನ್ನ ಕಣ್ಣು ಫೋಟೋ ಬಿಟ್ಟು ಬೇರೆ ಕಡೆ ಹೋಗುತ್ತದೆ. ಎಷ್ಟು ಪೀಸ್? ಯಾವ ಬಟ್ಟೆ? ಫೋಟೋದಲ್ಲಿರುವುದು ಯಾವ ಹಂತದ ಸ್ಯಾಂಪಲ್? ಹಕ್ಕುದಾರರು ಒಪ್ಪಿದ್ದಾರಾ, ಇನ್ನೂ ಇಲ್ಲವಾ?

ಮೊದಲು ಬೆಲೆ. ಸುಮ್ನೆ ಒಂದು ಲೆಕ್ಕ ಹಾಕೋಣ. ಪ್ಯಾಟರ್ನ್, ಕಣ್ಣಿನ ಅಚ್ಚು, ಒಳಗಿನ ತಂತಿಯ ಚೌಕಟ್ಟು, ಮೇಲಿಂದ ಮೇಲೆ ಮಾಡುವ ಸ್ಯಾಂಪಲ್‌ಗಳು, ಪೆಟ್ಟಿಗೆಯ ಡಿಸೈನ್, ಎಲ್ಲ ಸೇರಿ 25 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಪೀಸ್ ಹೊಲಿಯುವ ಮುಂಚೆಯೇ ಹೋಗುವ ದುಡ್ಡು ಇದು. 5,000 ಪೀಸ್ ಮಾಡಿದರೆ ತಲಾ 500 ರೂಪಾಯಿ ಬೀಳುತ್ತದೆ. 500 ಪೀಸ್ ಮಾತ್ರ ಮಾಡಿದರೆ ತಲಾ 5,000. ಬಟ್ಟೆ ಬದಲಾಗಿಲ್ಲ, ಹೊಲಿಗೆ ಬದಲಾಗಿಲ್ಲ, ಆದರೂ ಪೀಸಿನ ಮೇಲೆ 4,500 ಏರಿತು. ಇದರ ಮೇಲೆ ಹಕ್ಕುದಾರರ ರಾಯಲ್ಟಿ. ಅದರ ಮೇಲೆ ಸಗಟು ಮಾರುವವನ ಪಾಲು, ಅಂಗಡಿಯವನ ಪಾಲು. ಚಿಲ್ಲರೆ ಬೆಲೆ ಸಗಟು ಬೆಲೆಯ ಹೆಚ್ಚುಕಡಿಮೆ ಎರಡರಷ್ಟು ಇರುವುದು ಈ ವ್ಯಾಪಾರದಲ್ಲಿ ಮಾಮೂಲು. ಅಂದರೆ ಫ್ಯಾಕ್ಟರಿಯಲ್ಲಿ ಏರಿದ ಒಂದು ರೂಪಾಯಿ ನನ್ನ ಹತ್ತಿರ ಬರುವಾಗ ಎರಡು, ಎರಡೂವರೆ ಆಗಿರುತ್ತದೆ.

"ಇಷ್ಟೇ ಪೀಸ್, ಆಮೇಲೆ ಮಾಡುವುದಿಲ್ಲ" ಎಂದು ಪೆಟ್ಟಿಗೆ ಮೇಲೆ ನಂಬರ್ ಬರೆದು ಕೊಡುವುದು ಇದಕ್ಕೇ. ನಮಗೆ ಅದು ಅಪರೂಪದ ವಸ್ತು ಎಂಬ ಖುಷಿ. ಅವರಿಗೆ ಅದು ಉಳಿಯದೆ ಖಾಲಿಯಾಗಬಹುದಾದ ಸಂಖ್ಯೆ, ಅಷ್ಟೇ. ನನಗೆ ಆ ನಂಬರ್ ಬಗ್ಗೆ ಒಂದು ಚೂರೂ ಮರ್ಯಾದೆ ಇಲ್ಲ. 137 ಎಂದು ಬರೆದಿರುವ ಕಪ್ಪೆಗೂ 412 ಎಂದು ಬರೆದಿರುವ ಕಪ್ಪೆಗೂ ಏನು ವ್ಯತ್ಯಾಸ, ಹೇಳಿ ನೋಡೋಣ.

ಇನ್ನು ಬಟ್ಟೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನಗೆ ಈ ಗೊಂಬೆಗಳ ಹುಚ್ಚು ಹಿಡಿದದ್ದೇ ಬಟ್ಟೆಯಿಂದ. ಮಪೆಟ್‌ಗಳಿಗೆ ಬಳಸುವುದು ಆಂಟ್ರಾನ್ ಫ್ಲೀಸ್ ಎನ್ನುವ ನೈಲಾನ್ ಬಟ್ಟೆ. ನಮ್ಮ ಸ್ವೆಟ್‌ಶರ್ಟ್‌ಗಳ ಒಳಗೆ ಇರುತ್ತಲ್ಲ, ಅಂಥದ್ದಲ್ಲ. ಮೇಲೆ ಮೃದುವಾದ ಸಣ್ಣ ಕೂದಲು ಇರುತ್ತದೆ, ಹಿಗ್ಗುತ್ತದೆ, ಕ್ಯಾಮೆರಾ ಮುಂದೆ ಹೊಳೆಯುವುದಿಲ್ಲ. ಬಿಳಿ ಬಟ್ಟೆ ತಂದು ಗೊಂಬೆ ಮಾಡುವ ಕಾರ್ಖಾನೆಯಲ್ಲೇ ಬಣ್ಣ ಹಾಕಿಕೊಳ್ಳುತ್ತಾರೆ. ಹೆನ್ಸನ್ ಜೊತೆ ಇದ್ದ ಡಾನ್ ಸಾಹ್ಲಿನ್ ಎಂಬ ಗೊಂಬೆ ಕಲಾವಿದನ ಕಾಲದಿಂದ ಒಂದು ಹೊಲಿಗೆ ಇವರಲ್ಲಿ ಬಂದಿದೆ. ಎರಡು ಅಂಚು ಸೇರಿಸಿ ಕೈಯಲ್ಲಿ ಹೊಲಿದು, ಆಮೇಲೆ ಸೂಜಿಯ ಮೊನೆಯಲ್ಲಿ ಕೂದಲನ್ನು ಎಳೆದು ಎಳೆದು ಹೊಲಿಗೆಯ ಮೇಲೆ ಮಲಗಿಸುತ್ತಾರೆ. ಹೊಲಿಗೆ ಮಾಯ. ಟಿವಿಯಲ್ಲಿ ಎಷ್ಟು ಹತ್ತಿರದಿಂದ ತೋರಿಸಿದರೂ ಕಪ್ಪೆಯ ತಲೆಯಲ್ಲಿ ಗೆರೆ ಕಾಣುವುದಿಲ್ಲ. ಮೊದಲ ಸಲ ಇದನ್ನು ಗಮನಿಸಿದ ದಿನ ನಾನು ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದ್ದೆ. ಇಂಥ ಒಂದು ಹೊಲಿಗೆಗೆ ನಮ್ಮ ಲೈನ್‌ನಲ್ಲಿ ಎಷ್ಟು ನಿಮಿಷ ಹಾಕಬೇಕು ಎಂದು ನಿಮಿಷದ ಲೆಕ್ಕ ಹಾಕುವ ನಮ್ಮ ಐಇ (ಇಂಡಸ್ಟ್ರಿಯಲ್ ಎಂಜಿನಿಯರ್) ಹುಡುಗನನ್ನು ಕೇಳಿದರೆ ಅವನು ರಜೆ ಹಾಕಿ ಹೋಗುತ್ತಾನೆ.

ಊರಿನ ಕಡೆಯದೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕುಂದಾಪುರದ ಹತ್ತಿರ ಉಪ್ಪಿನಕುದ್ರು ಇದೆ, ಕೊಗ್ಗ ಕಾಮತರ ಯಕ್ಷಗಾನ ಗೊಂಬೆಯಾಟದ ಊರು. ಮರದ ಗೊಂಬೆಗಳು, ಸೂತ್ರದಲ್ಲಿ ಆಡಿಸುವುದು, ಬಡಗುತಿಟ್ಟಿನ ವೇಷವನ್ನೇ ಗಿಡ್ಡ ಮಾಡಿ ತೊಡಿಸಿದ ಹಾಗೆ. ಚಿಕ್ಕವಳಿದ್ದಾಗ ನಾನು ಕಥೆ ನೋಡುವುದಕ್ಕಿಂತ ಜಾಸ್ತಿ ಆ ಗೊಂಬೆಗಳ ಕಸೆ ಸೀರೆಯ ನೆರಿಗೆ ನೋಡುತ್ತಿದ್ದೆ. ಅಷ್ಟು ಸಣ್ಣ ಮೈಗೆ ಅಷ್ಟು ಸರಿಯಾಗಿ ನೆರಿಗೆ ಹೇಗೆ ಕೂರುತ್ತದೆ? ಅದೇ ಚಾಳಿ ಈಗಲೂ ಇದೆ. ಆ ಗೊಂಬೆಗಳಿಗೆ ಹಕ್ಕುದಾರರ ಅಪ್ರೂವಲ್ ಎಂಬ ತಲೆನೋವು ಇಲ್ಲ. ಮಾಡುವವರೂ ಒಪ್ಪುವವರೂ ಆಡಿಸುವವರೂ ಒಂದೇ ಮನೆಯವರು.

ಕಪ್ಪೆಗೆ ಬರೋಣ. ಬಣ್ಣದ ಕಥೆ ಕೇಳಿ. ನಮ್ಮಲ್ಲಿ ಒಂದು ಟೀ ಶರ್ಟಿಗೇ ಮಿಲ್‌ನವರು ಲ್ಯಾಬ್ ಡಿಪ್ ಎಂದು ಬಣ್ಣ ಹಾಕಿದ ಬಟ್ಟೆಯ ಚಿಕ್ಕ ಚೂರುಗಳನ್ನು ಎ, ಬಿ, ಸಿ ಎಂದು ಗುರುತು ಹಾಕಿ ಕಳಿಸುತ್ತಾರೆ. ಲೈಟ್ ಬಾಕ್ಸ್‌ನಲ್ಲಿಟ್ಟು ಹಗಲು ಬೆಳಕಿನಲ್ಲಿ ನೋಡಬೇಕು, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಬೇಕು. ಒಂದರಲ್ಲಿ ಸರಿ ಇದ್ದದ್ದು ಇನ್ನೊಂದರಲ್ಲಿ ಹಳದಿ ಹೊಡೆಯುತ್ತದೆ. ಹಸಿರಂತೂ ಈ ವಿಷಯದಲ್ಲಿ ಮಹಾ ಕಿರಿಕಿರಿ. ಈಗ ಕೆರ್ಮಿಟ್‌ನ ಹಸಿರು ಯಾವುದು? 1955ರ ಗೊಂಬೆ ನೀಲಿ ಬೆರೆತ ಹಸಿರು. ಅದು ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ, 2010ರಲ್ಲಿ ಹೆನ್ಸನ್‌ನ ಹೆಂಡತಿ ಜೇನ್ ಕೊಟ್ಟದ್ದು. ಮಪೆಟ್ ಶೋ ಕಾಲದ ಹಸಿರು ಬೇರೆ. ಈಗಿನ ಸಿನಿಮಾಗಳ ಹಸಿರು ಇನ್ನೊಂದು. ಜನ ನೆನಪಿಟ್ಟುಕೊಂಡಿರುವ ಹಸಿರು ಟಿವಿ ಪರದೆಯ ಹಸಿರು, ಸ್ಟುಡಿಯೋ ದೀಪದ ಕೆಳಗಿನದು. ಮನೆಯ ಎಲ್‌ಇಡಿ ಬಲ್ಬಿನ ಕೆಳಗೆ ಅದೇ ಬಟ್ಟೆ ಇಟ್ಟರೆ "ಇದು ಕೆರ್ಮಿಟ್ ಅಲ್ಲ" ಎನ್ನುತ್ತಾರೆ. ಹಾಗಾಗಿ ಬಣ್ಣದ ಒಂದು ಹಂತಕ್ಕೇ ವಾರಗಳು ಹೋಗುತ್ತವೆ. ಒಪ್ಪಿದ ಮೇಲೆ ಮಿಲ್‌ನವರು ಒಂದು ಬಣ್ಣಕ್ಕೆ ಕನಿಷ್ಠ ಇಷ್ಟು ಮೀಟರ್ ಬೇಕು ಎನ್ನುತ್ತಾರೆ. ಸಾವಿರ ಕಪ್ಪೆಗೆ ಅಷ್ಟು ಬಟ್ಟೆ ಬೇಕಾಗುವುದಿಲ್ಲ. ಆದರೂ ಪೂರ್ತಿ ದುಡ್ಡು ಕೊಡಬೇಕು. ಅದೂ ಬೆಲೆಗೆ ಸೇರುತ್ತದೆ.

ಬಣ್ಣಕ್ಕಿಂತ ಕಷ್ಟದ್ದು ಮುಖ. ಕೆರ್ಮಿಟ್‌ನ ತಲೆಯೊಳಗೆ ಗಟ್ಟಿ ವಸ್ತು ಹೆಚ್ಚೇನೂ ಇಲ್ಲ. ಆಡಿಸುವವನ ಕೈಯೇ ಅದರ ತಲೆಬುರುಡೆ. ಬೆರಳು ಮಡಚಿದರೆ ಕಪ್ಪೆ ಮುಖ ಸಿಂಡರಿಸುತ್ತದೆ, ಬಿಟ್ಟರೆ ಬೆಪ್ಪಾಗುತ್ತದೆ. ಕೈ ಹೊರಗೆ ತೆಗೆದರೆ ಒಗೆದು ಒಣಹಾಕಿದ ಕಾಲ್ಚೀಲ. ಈಗ ಇದನ್ನು ಶೋಕೇಸಿನಲ್ಲಿ ಇಡುವ ಪ್ರತಿಕೃತಿ ಮಾಡಬೇಕು. ಒಳಗೆ ಫೋಮ್ ತುಂಬಿದರೆ ಮುಖ ಉಬ್ಬಿ ಅಂಗಡಿಯ ಮೃದುಗೊಂಬೆ ಆಗುತ್ತದೆ. ತುಂಬದಿದ್ದರೆ ಕುಸಿಯುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಕಡೆ ಆ ಮುಖ ಇದೆ. ಅದನ್ನು ಹಿಡಿಯುವುದಕ್ಕೆ ಸ್ಯಾಂಪಲ್ ಮೇಲೆ ಸ್ಯಾಂಪಲ್ ಮಾಡಬೇಕು.

ಹೆನ್ಸನ್ ಕಂಪನಿಯವರಿಗೇ ಈ ಸಮಸ್ಯೆ ಇತ್ತು. ಪತ್ರಿಕೆಗೆ, ಪೋಸ್ಟರಿಗೆ ಫೋಟೋ ತೆಗೆಯುವಾಗ ಗಂಟೆಗಟ್ಟಲೆ ಯಾರು ಕೈ ಹಾಕಿ ಹಿಡಿದಿರುತ್ತಾರೆ? ಅದಕ್ಕೇ ಫೋಟೋ ಪಪೆಟ್ ಎಂದು ಬೇರೆಯೇ ಮಾಡಿಕೊಂಡಿದ್ದರು. ಕೈಕಾಲುಗಳ ಒಳಗೆ ತಂತಿ, ಬೇಕಾದ ಭಂಗಿಯಲ್ಲಿ ನಿಲ್ಲಿಸಬಹುದು. ಮಾಸ್ಟರ್ ರೆಪ್ಲಿಕಾಸ್ ಎಂಬ ಕಂಪನಿ 2000ದ ದಶಕದ ನಡುವೆ ಕೆರ್ಮಿಟ್‌ನ ಪ್ರತಿಕೃತಿ ತಂದಾಗ ಆಡಿಸುವ ಗೊಂಬೆಯನ್ನು ಬಿಟ್ಟು ಈ ಫೋಟೋ ಪಪೆಟ್ ಅನ್ನೇ ಮಾದರಿಯಾಗಿ ತೆಗೆದುಕೊಂಡಿತು. ಜಾಣ ನಿರ್ಧಾರ. ಶೋಕೇಸಿನಲ್ಲಿ ನಿಲ್ಲಬೇಕಾದ್ದಕ್ಕೆ ನಿಲ್ಲಲೆಂದೇ ಹುಟ್ಟಿದ್ದನ್ನು ನಕಲು ಮಾಡಿದರು. ಆಮೇಲೆ ಆ ಸಾಲಿನಲ್ಲಿ ಆನಿಮಲ್, ಗಾಂಜೋ ಎಂಬ ಬೇರೆ ಮಪೆಟ್‌ಗಳೂ ಬಂದವು. ಕಂಪನಿ 2006ರ ಕೊನೆಗೆ ಇಂಗ್ಲೆಂಡಿನ ಆಟಿಕೆ ಕಾರುಗಳಿಗೆ ಹೆಸರಾದ ಕಾರ್ಗಿಯ ಜೊತೆ ಸೇರಿಕೊಂಡಿತು. ಮುಂದೆ ಆ ಸಾಲು ಬೆಳೆಯಲಿಲ್ಲ.

ಆ ಹಳೆಯದನ್ನೇ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಬಾರದಾ ಎಂದು ಕೇಳುತ್ತೀರಿ, ಅಲ್ವಾ? ಬೆಲೆ ಒಂದು ಕಡೆ ಇರಲಿ. ನನಗೆ ಭಯ ಒಳಗಿನ ಫೋಮ್‌ನದು. ಪಾಲಿಯುರೆಥೇನ್ ಫೋಮ್‌ಗೆ ಆಯಸ್ಸು ಇದೆ. ಗಾಳಿ, ತೇವ, ಬೆಳಕು ಸೇರಿ ಅದನ್ನು ಮೊದಲು ಅಂಟಂಟು ಮಾಡಿ ಆಮೇಲೆ ಪುಡಿ ಮಾಡುತ್ತವೆ. ಹಳೆಯ ಹೆಡ್‌ಫೋನಿನ ಸ್ಪಂಜು ಕಿವಿಗೆ ಕರಿ ಪುಡಿ ಮೆತ್ತುತ್ತದಲ್ಲ, ಅದೇ ರೋಗ. ಸಿನಿಮಾದವರು ಬಳಸುವ ಫೋಮ್ ಲೇಟೆಕ್ಸ್ ಇನ್ನೂ ಬೇಗ ಹೋಗುತ್ತದೆ. ಸ್ಟಾರ್ ವಾರ್ಸ್ ಸಿನಿಮಾದ ಯೋಡಾದಂಥ ಹಳೆಯ ಗೊಂಬೆಗಳನ್ನು ಉಳಿಸಿಕೊಳ್ಳುವುದು ಕಷ್ಟವಾಗಿರುವುದು ಇದರಿಂದಲೇ. ಇಪ್ಪತ್ತು ವರ್ಷ ಯಾರದೋ ಅಟ್ಟದ ಮೇಲಿದ್ದ ಕಪ್ಪೆಯನ್ನು ಫೋಟೋ ನೋಡಿ ಕೊಳ್ಳುವ ಧೈರ್ಯ ನನಗಿಲ್ಲ. (ನನ್ನ ಕಪಾಟಿನ ಗೊಂಬೆಗಳ ಹಿಂದೆಲ್ಲ ಸಿಲಿಕಾ ಜೆಲ್ ಪೊಟ್ಟಣ ಇದೆ. ಫ್ಯಾಕ್ಟರಿಯ ಕಾರ್ಟನ್‌ಗಳಲ್ಲಿ ಹಾಕಿ ಉಳಿದದ್ದು. ಸ್ಟೋರ್ಸ್‌ನವರಿಗೆ ಗೊತ್ತು, ಸುಮ್ಮನಿದ್ದಾರೆ.)

ಈಗ ತಡದ ವಿಷಯ. ಬಟ್ಟೆ, ಬಣ್ಣ, ಮುಖ ಎಲ್ಲವನ್ನೂ ಕಡೆಗೆ ಒಪ್ಪಬೇಕಾದವರು ಹಕ್ಕುದಾರರು. ಕೆರ್ಮಿಟ್ ವಿಷಯದಲ್ಲಿ ಡಿಸ್ನಿ. ಮೊದಲ ಸ್ಕೆಚ್ ಒಪ್ಪಬೇಕು, ಮಾದರಿ ಒಪ್ಪಬೇಕು, ಬಣ್ಣ ಹಾಕಿದ್ದು ಒಪ್ಪಬೇಕು, ಫ್ಯಾಕ್ಟರಿಯಿಂದ ಹೊರಬಿದ್ದ ಮೊದಲ ಪೀಸ್ ಒಪ್ಪಬೇಕು, ಪೆಟ್ಟಿಗೆಯ ಮೇಲಿನ ಅಕ್ಷರ ಕೂಡ ಒಪ್ಪಬೇಕು. ಪ್ರತಿ ಹಂತದಲ್ಲೂ "ಕಣ್ಣಿನ ಪಾಪೆ ಒಂದು ಮಿಲಿಮೀಟರ್ ಒಳಗೆ ಬರಲಿ" ಎಂದು ವಾಪಸ್ ಬರಬಹುದು. ಕೇಳುವುದಕ್ಕೆ ತಮಾಷೆ. ಆದರೆ ಕೆರ್ಮಿಟ್‌ನ ಕಣ್ಣು ಇರುವುದೇ ಒಂದು ಕರಿ ಬೊಟ್ಟು, ಅದರ ಎರಡು ಬದಿಗೆ ಗೀಟು. ಬೊಟ್ಟುಗಳು ಮೂಗಿನ ಕಡೆ ಎಷ್ಟು ವಾಲಿವೆ ಎನ್ನುವುದರಲ್ಲೇ ಅದು ನಿಮ್ಮನ್ನು ನೋಡುತ್ತಿದೆಯೋ ಗೋಡೆ ನೋಡುತ್ತಿದೆಯೋ ಎಂದು ತೀರ್ಮಾನವಾಗುತ್ತದೆ. ಒಂದು ಮಿಲಿಮೀಟರ್ ಹೆಚ್ಚೇ.

ಹಾಗಾಗಿ ಹಕ್ಕುದಾರರು ವಾಪಸ್ ಕಳಿಸಿದ್ದರಿಂದ ಆದ ತಡಕ್ಕೆ ನನ್ನ ಆಕ್ಷೇಪ ಇಲ್ಲ. ಅಲ್ಲಿ ಯಾರೋ ಒಬ್ಬರು ನನ್ನ ಪರವಾಗಿ "ಇದು ಆಗಲ್ಲ" ಎಂದಿದ್ದಾರೆ. ನಮ್ಮ ಬೈಯರ್‌ಗಳು ಪಿಪಿ ಸ್ಯಾಂಪಲ್, ಅಂದರೆ ಪ್ರೊಡಕ್ಷನ್ ಶುರುವಾಗುವ ಮುಂಚಿನ ಸ್ಯಾಂಪಲ್, ರಿಜೆಕ್ಟ್ ಮಾಡಿದಾಗ ಇಡೀ ಸ್ಯಾಂಪಲ್ ರೂಮ್ ಶಾಪ ಹಾಕುತ್ತದೆ. ನಾನೂ ಹಾಕುತ್ತೇನೆ. ಆದರೆ ಕಾಲರ್ ಸೊಟ್ಟಗಿರುವ ಶರ್ಟ್ ಅಂಗಡಿಗೆ ಹೋಗದೇ ಇರುವುದು ಅದರಿಂದಲೇ.

ನನಗೆ ಸಿಟ್ಟು ಬರುವುದು ದಿನಾಂಕದ ಮೇಲೆ. ನಮ್ಮಲ್ಲಿ ಸ್ಯಾಂಪಲ್ ಒಪ್ಪಿಗೆ ಆಗದೆ ಬಟ್ಟೆ ಕತ್ತರಿಸುವಂತಿಲ್ಲ. ಬೈಯರ್‌ಗೆ ಶಿಪ್‌ಮೆಂಟ್ ದಿನಾಂಕ ಕೊಟ್ಟರೆ ಅದು ಬರಹದಲ್ಲಿರುತ್ತದೆ, ತಪ್ಪಿದರೆ ವಿಮಾನದಲ್ಲಿ ನಮ್ಮ ಖರ್ಚಿನಲ್ಲಿ ಕಳಿಸಬೇಕು, ಇಲ್ಲ ಡಿಸ್ಕೌಂಟ್ ಕೊಡಬೇಕು. ಈ ಗೊಂಬೆ ವ್ಯಾಪಾರದಲ್ಲಿ ತಿರುಗುಮುರುಗು. ಒಪ್ಪಿಗೆ ಅರ್ಧ ದಾರಿಯಲ್ಲಿರುವಾಗಲೇ ಫೋಟೋ ಹಾಕಿ, ದಿನಾಂಕ ಹೇಳಿ, ಮುಂಗಡ ಎತ್ತುತ್ತಾರೆ. ಆ ದಿನಾಂಕ ಎಲ್ಲಿಂದ ಬಂತು? ಎಲ್ಲ ಸ್ಯಾಂಪಲ್ ಮೊದಲ ಸಲಕ್ಕೇ ಪಾಸಾದರೆ, ಫ್ಯಾಕ್ಟರಿಯಲ್ಲಿ ಬೇರೆ ಯಾರ ಆರ್ಡರೂ ಇಲ್ಲದಿದ್ದರೆ, ಕಪ್ಪೆ ಹೊಲಿಯುವ ಚೀನಾದಲ್ಲಿ ಹೊಸ ವರ್ಷ ಬಾರದೇ ಇದ್ದರೆ ಎಂದು ಹಾಕಿದ ದಿನಾಂಕ ಅದು. ಚೀನಾದ ಹೊಸ ವರ್ಷ ಪ್ರತಿ ವರ್ಷ ಜನವರಿ ಕೊನೆಗೋ ಫೆಬ್ರವರಿಗೋ ಬಂದೇ ಬರುತ್ತದೆ. ಕಾರ್ಮಿಕರು ಊರಿಗೆ ಹೋಗುತ್ತಾರೆ, ಎಲ್ಲರೂ ವಾಪಸ್ ಬರುವುದೂ ಇಲ್ಲ, ಲೈನ್ ಮತ್ತೆ ಹದಕ್ಕೆ ಬರಲು ವಾರಗಳು ಬೇಕು. ಆದರೂ ಪ್ರತಿ ವರ್ಷ "ಅನಿರೀಕ್ಷಿತ ಕಾರಣ" ಎಂದು ಇಮೇಲ್ ಬರುತ್ತದೆ. ಕ್ಯಾಲೆಂಡರಿನಲ್ಲಿ ಕೆಂಪಗೆ ಅಚ್ಚಾಗಿರುವುದು ಅನಿರೀಕ್ಷಿತ ಹೇಗಾಗುತ್ತದೆ?

ಇಲ್ಲದ ಸಾಮಾನು ಮಾರುವುದು ಹೊಸದೇನೂ ಅಲ್ಲ. 1977ರಲ್ಲಿ ಸ್ಟಾರ್ ವಾರ್ಸ್ ಬಂದಾಗ ಕೆನರ್ ಎಂಬ ಆಟಿಕೆ ಕಂಪನಿಗೆ ಕ್ರಿಸ್‌ಮಸ್ ಹೊತ್ತಿಗೆ ಬೊಂಬೆ ಮಾಡಿ ಮುಗಿಸಲು ಆಗಲಿಲ್ಲ. ಅವರು ಖಾಲಿ ಲಕೋಟೆ ಮಾರಿದರು. ಒಳಗೆ ಒಂದು ಸರ್ಟಿಫಿಕೇಟ್. ಅದನ್ನು ಅಂಚೆಗೆ ಹಾಕಿದರೆ 1978ರಲ್ಲಿ ನಾಲ್ಕು ಬೊಂಬೆ ಮನೆಗೆ ಬರುತ್ತವೆ. ಹಬ್ಬದ ದಿನ ಮಕ್ಕಳ ಕೈಗೆ ಕಾಗದ ಕೊಟ್ಟರು. ಆದರೆ ಒಂದು ಮಾತು ಒಪ್ಪಬೇಕು. ಅವರು ಮಾರುವಾಗಲೇ ಇದು ಕಾಗದ ಎಂದು ಹೇಳಿದ್ದರು.

ಇನ್ನೊಂದು ಕಥೆ ಇದಕ್ಕೆ ಪೂರ್ತಿ ಉಲ್ಟಾ. 2019ರ ನವೆಂಬರ್ 12ರಂದು ಸ್ಟಾರ್ ವಾರ್ಸ್ ಲೋಕದ್ದೇ ಆದ ಮ್ಯಾಂಡಲೋರಿಯನ್ ಧಾರಾವಾಹಿ ಶುರುವಾಯಿತು. ಮೊದಲ ಕಂತಿನ ಕೊನೆಗೆ ತೊಟ್ಟಿಲಿನಲ್ಲಿ ಒಂದು ಹಸಿರು ಮಗು. ಎಲ್ಲರೂ ಬೇಬಿ ಯೋಡಾ ಎಂದೇ ಕರೆದರು. ಅದೂ ಗೊಂಬೆಯೇ. ಲೆಗಸಿ ಎಫೆಕ್ಟ್ಸ್ ಎಂಬ ಕಂಪನಿಯವರು ಕಟ್ಟಿದ, ಒಳಗೆ ಮೋಟಾರ್ ಇರುವ, ಹಲವರು ಸೇರಿ ಆಡಿಸುವ ಗೊಂಬೆ. ಅದರ ಗುಟ್ಟು ಹೊರಬೀಳಬಾರದು ಎಂದು ಆಟಿಕೆ ಕಂಪನಿಗಳಿಗೆ ಮೊದಲೇ ಚಿತ್ರ ಕೊಡದೆ ಇಟ್ಟುಕೊಂಡಿದ್ದರು. ಹಾಗಾಗಿ ಇಡೀ ಜಗತ್ತು ಆ ಮಗುವನ್ನು ಕೇಳುತ್ತಿರುವಾಗ, ಅದೂ ಕ್ರಿಸ್‌ಮಸ್ ಹೊತ್ತಿನಲ್ಲಿ, ಅಂಗಡಿಯಲ್ಲಿ ಒಂದೂ ಸರಿಯಾದ ಗೊಂಬೆ ಇರಲಿಲ್ಲ. ಕೋಟಿಗಟ್ಟಲೆ ವ್ಯಾಪಾರ ಕೈಬಿಟ್ಟರು. ನನಗೆ ಇದು ಭಾರಿ ಇಷ್ಟವಾದ ತಡ. ಕಥೆ ಕೆಡಬಾರದು ಎಂದು ಮಾಡಿದ್ದು. ಆಮೇಲೆ 2020ರಲ್ಲಿ ಸೈಡ್‌ಶೋ ಕಂಪನಿ ನಿಜ ಗಾತ್ರದ, ಹದಿನಾರೂವರೆ ಇಂಚಿನ ಪ್ರತಿಕೃತಿಯನ್ನು 350 ಡಾಲರ್‌ಗೆ ಪ್ರೀ-ಆರ್ಡರ್‌ಗೆ ಇಟ್ಟಿತು. ಅದರೊಳಗೆ ಕೈ ಹಾಕುವ ಹಾಗಿಲ್ಲ, ಕಣ್ಣು ಮಿಟುಕುವುದಿಲ್ಲ. ಗೊಂಬೆಯ ಪ್ರತಿಮೆ ಎನ್ನಬೇಕು. ಆದರೂ ನೋಡಿದರೆ ಎತ್ತಿಕೊಳ್ಳಬೇಕು ಅನ್ನಿಸುತ್ತದೆ.

ಹಡಗಿನ ಬಾಡಿಗೆಯದು ನಾನು ಹತ್ತಿರದಿಂದ ಕಂಡ ಗೋಳು. 2021ರಲ್ಲಿ ಕಂಟೇನರ್ ಸಿಗುತ್ತಿರಲಿಲ್ಲ. ಕೊರೋನಾಕ್ಕೆ ಮುಂಚೆ ಒಂದೂವರೆ ಸಾವಿರ ಡಾಲರ್ ಆಸುಪಾಸು ಇದ್ದ ನಲವತ್ತು ಅಡಿ ಕಂಟೇನರಿನ ಸರಾಸರಿ ಬಾಡಿಗೆ ಆ ಸೆಪ್ಟೆಂಬರ್ ಹೊತ್ತಿಗೆ ಹತ್ತು ಸಾವಿರ ದಾಟಿತು. ಶರ್ಟು ಮಡಚಿ ಒತ್ತಿದರೆ ಒಂದು ಕಾರ್ಟನ್‌ಗೆ ಎಷ್ಟೋ ಹಿಡಿಯುತ್ತದೆ. ಕಪ್ಪೆಯನ್ನು ಮಡಚಲು ಆಗುತ್ತದಾ? ಪೆಟ್ಟಿಗೆಯೊಳಗೆ ಅರ್ಧ ಗಾಳಿಯೇ. ಆ ಗಾಳಿಗೂ ಬಾಡಿಗೆ. ಆಗ ಏರಿದ ಬೆಲೆಗಳು ಬಾಡಿಗೆ ಇಳಿದ ಮೇಲೂ ಇಳಿಯಲಿಲ್ಲ, ಅದು ಬೇರೆ ಮಾತು.

ಆಮೇಲೆ 2025 ಬಂತು. ಏಪ್ರಿಲ್‌ನಲ್ಲಿ ಅಮೆರಿಕ ಚೀನಾದ ಸಾಮಾನಿನ ಮೇಲೆ ಶೇಕಡ 145 ಸುಂಕ ಹಾಕಿತು. ಮೇ ತಿಂಗಳಲ್ಲಿ 30ಕ್ಕೆ ಇಳಿಸಿತು. ಅಮೆರಿಕದಲ್ಲಿ ಮಾರುವ ಆಟಿಕೆಗಳಲ್ಲಿ ಮುಕ್ಕಾಲು ಪಾಲು ಚೀನಾದಲ್ಲೇ ಆಗುವುದು. ಆ ಕೆಲವು ವಾರ ಯಾರೂ ಕಂಟೇನರ್ ಹೊರಡಿಸಲಿಲ್ಲ, ಸುಂಕ ಇಳಿಯಲಿ ಎಂದು ಕಾದರು. ನನ್ನ ಕಪ್ಪೆಯ ಕಂಪನಿಯವರೂ ಒಂದು ಇಮೇಲ್ ಕಳಿಸಿದರು. ಹೊಸದಾಗಿ ಬುಕ್ ಮಾಡುವವರಿಗೆ 520 ಡಾಲರ್, ಹಳಬರಿಗೆ ಹಳೆಯ ಬೆಲೆ. ಇದು ಒಳ್ಳೆಯ ನಡತೆ, ಒಪ್ಪುತ್ತೇನೆ. ಆದರೆ ಅದರ ಜೊತೆ ಹೊಸ ದಿನಾಂಕ ಹೇಳಲಿಲ್ಲ.

ಇದರಲ್ಲಿ ನನಗೆ ನಗು ಬರಿಸುವ ಭಾಗ ಒಂದಿದೆ. ಕಪ್ಪೆ ಹೊಲಿಯುವುದು ಚೀನಾದಲ್ಲಿ. ಚೀನಾ ನಮ್ಮ ಪಕ್ಕದ ದೇಶ. ಅಲ್ಲಿಂದ ಅದು ಪೆಸಿಫಿಕ್ ಸಾಗರ ದಾಟಿ ಅಮೆರಿಕದ ಗೋದಾಮಿಗೆ ಹೋಗುತ್ತದೆ, ಅಲ್ಲಿ ಸುಂಕ ಕಟ್ಟುತ್ತದೆ, ಆಮೇಲೆ ವಿಮಾನ ಹತ್ತಿ ಅರ್ಧ ಭೂಮಿ ಸುತ್ತಿ ಬೆಂಗಳೂರಿಗೆ ಬಂದು ಇಲ್ಲೂ ಸುಂಕ ಕಟ್ಟುತ್ತದೆ. ನೇರ ಇತ್ತ ಕಳಿಸಿ ಎಂದು ಕೇಳಿದ್ದೆ. ಒಬ್ಬರಿಗಾಗಿ ಬೇರೆ ದಾರಿ ಮಾಡಲು ಆಗುವುದಿಲ್ಲ ಎಂದರು. ನಾನೇ ಆ ಕುರ್ಚಿಯಲ್ಲಿ ಕೂತಿದ್ದರೂ ಅದೇ ಉತ್ತರ ಕೊಡುತ್ತಿದ್ದೆ.

ನಮ್ಮ ಕಡೆಯ ಸುಂಕದ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಹೊರಗಿನಿಂದ ಬರುವ ಆಟಿಕೆಯ ಮೇಲಿನ ಸುಂಕ 2020ರ ಬಜೆಟ್‌ನಲ್ಲಿ ಶೇಕಡ 20ರಿಂದ 60ಕ್ಕೆ ಏರಿತು. 2023ರಲ್ಲಿ 70 ಆಯಿತು. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಮಕ್ಕಳ ಸುರಕ್ಷತೆಗೆ ಮಾಡಿದ ನಿಯಮ, ಇರಬೇಕಾದ್ದೇ. ಕುಶಲಕರ್ಮಿಗಳು ಕೈಯಲ್ಲಿ ಮಾಡಿದ್ದಕ್ಕೆ, ನಮ್ಮ ಚನ್ನಪಟ್ಟಣದ ಗೊಂಬೆಯಂಥ ಜಿಐ (ಊರಿನ ಹೆಸರಿನ ಗುರುತು ಇರುವ) ಸಾಮಾನಿಗೆ ಅದರಿಂದ ವಿನಾಯಿತಿ ಕೊಟ್ಟಿದ್ದಾರೆ, ಅದು ಸಂತೋಷ. ಆದರೆ ನಲವತ್ತು ದಾಟಿದ ಹೆಂಗಸು ಕಪಾಟಿನಲ್ಲಿಡಲು ತರಿಸುವ ಕಪ್ಪೆ ಆಟಿಕೆಯೋ ಅಲ್ಲವೋ? ಇದನ್ನು ತೀರ್ಮಾನ ಮಾಡುವುದು ವಿಮಾನ ನಿಲ್ದಾಣದ ಕೊರಿಯರ್ ಟರ್ಮಿನಲ್‌ನಲ್ಲಿ ಪೆಟ್ಟಿಗೆ ತೆರೆದು ನೋಡುವ ಅಧಿಕಾರಿ. ಹಿಂದೊಮ್ಮೆ ಬೇರೆ ಗೊಂಬೆ ತರಿಸಿದಾಗ ಆಧಾರ್ ಅಪ್‌ಲೋಡ್ ಮಾಡಿ, ಬಿಲ್ ಕಳಿಸಿ, ಇದು ಏನು ವಸ್ತು ಎಂದು ವಿವರಣೆ ಬರೆದು ಕೊಡಬೇಕಾಯಿತು. "ಅಲಂಕಾರಕ್ಕೆ" ಎಂದು ಬರೆದೆ. ನಮ್ಮ ಮನೆಯವರು ಅದನ್ನು ಓದಿ ತುಂಬ ಹೊತ್ತು ನಕ್ಕರು. ಸುಂಕ, ಐಜಿಎಸ್‌ಟಿ, ಕೊರಿಯರ್‌ನವರ ಕ್ಲಿಯರೆನ್ಸ್ ಚಾರ್ಜು, ಎಲ್ಲ ಸೇರಿ ಗೊಂಬೆಯ ಬೆಲೆಯ ಪಕ್ಕದಲ್ಲಿ ಇನ್ನೊಂದು ಗೊಂಬೆಯಷ್ಟು ಎದ್ದು ನಿಂತಿತು.

ತಡದಿಂದಲೇ ಬೆಲೆ ಏರುವ ಇನ್ನೊಂದು ದಾರಿ ಇದೆ, ಅದನ್ನು ಯಾವ ಇಮೇಲೂ ಹೇಳುವುದಿಲ್ಲ. ನಾನು ಬುಕ್ ಮಾಡಿದಾಗ ಡಾಲರ್ 83 ರೂಪಾಯಿ ಆಸುಪಾಸು ಇತ್ತು. 2025ರ ಆಗಸ್ಟ್ ಕೊನೆಗೆ 88 ದಾಟಿತು. ಬಾಕಿ ಇರುವುದು 405 ಡಾಲರ್. ಡಾಲರಿಗೆ ಐದು ರೂಪಾಯಿ ಎಂದರೆ 2,025 ರೂಪಾಯಿ ಜಾಸ್ತಿ. ಬೆಲೆ ಅದೇ 450, ಅವರ ಮಟ್ಟಿಗೆ ಏನೂ ಬದಲಾಗಿಲ್ಲ. ಇಲ್ಲಿ ಕೂತವರಿಗೆ ಮಾತ್ರ ಕಾದಷ್ಟೂ ಮೀಟರ್ ಓಡುತ್ತಿರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಕಟ್ಟಿದೆ ಎಂದು ನಮ್ಮ ಮನೆಯವರು ಕೇಳುತ್ತಾರೆ. ಆ ಹೊಲಿಗೆಯನ್ನು ಕೈಯಲ್ಲಿ ಹಿಡಿದು, ಕೂದಲು ಸರಿಸಿ, ಕೆಳಗೆ ದಾರ ಹೇಗೆ ಓಡಿದೆ ಎಂದು ನೋಡಬೇಕು ನನಗೆ, ಅಷ್ಟೇ. ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಅದು ಆಗುವುದಿಲ್ಲ. ಅವರು ಕೈ ಹೊಲಿಗೆ ಹಾಕುತ್ತೇವೆ ಎಂದು ಬರೆದಿದ್ದಾರೆ. ಮೆಷಿನ್ ಹೊಲಿಗೆ ಹಾಕಿ ಕಳಿಸಿದರೆ ಪೆಟ್ಟಿಗೆ ತೆರೆದ ಕ್ಷಣಕ್ಕೆ ನನಗೆ ಗೊತ್ತಾಗುತ್ತದೆ, ಆಗ ಅವರಿಗೆ ಬರುವ ಇಮೇಲ್ ಬೈಯರ್ ಭಾಷೆಯಲ್ಲೇ ಇರುತ್ತದೆ.

ಈಗ ಬುಕ್ ಮಾಡಬಹುದಾ ಎಂದು ಕೇಳಿದ ಇಬ್ಬರು ಗೆಳತಿಯರಿಗೆ ನಾನು ಹೇಳಿದ್ದು ಇದು. ಪೂರ್ತಿ ದುಡ್ಡು ಮೊದಲೇ ಕೇಳಿದರೆ ಬೇಡ. ಅದು ನೀವು ಕೊಡುವ ಬಡ್ಡಿ ಇಲ್ಲದ ಸಾಲ. ಮುಂಗಡ ವಾಪಸ್ ಸಿಗುತ್ತದಾ, ಎಲ್ಲಿಯವರೆಗೆ ಸಿಗುತ್ತದೆ ಎಂದು ಮೊದಲು ಓದಿ. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರವೋ ನಿಜವಾದ ಬಟ್ಟೆಯ ಫೋಟೋವೋ ನೋಡಿ. ಬಟ್ಟೆಯಲ್ಲಿ ಎಲ್ಲಾದರೂ ಒಂದು ಸುಕ್ಕು ಇರಬೇಕು, ಸುಕ್ಕಿಲ್ಲದ ಬಟ್ಟೆ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಹಕ್ಕುದಾರರ ಅಂತಿಮ ಒಪ್ಪಿಗೆ ಆಗಿದೆ ಎಂದು ಬರೆದಿದ್ದರೆ ದಿನಾಂಕ ನಂಬಬಹುದು, ಅದಕ್ಕೂ ಒಂದು ಮೂರು ತಿಂಗಳು ಸೇರಿಸಿಕೊಂಡು. "ಅಪ್ರೂವಲ್ ಬಾಕಿ" ಎಂದು ಸಣ್ಣ ಅಕ್ಷರದಲ್ಲಿದ್ದರೆ ಆ ದಿನಾಂಕವನ್ನು ಓದಲೇಬೇಡಿ. ಒಬ್ಬಳು ಬುಕ್ ಮಾಡಿದಳು. ಇನ್ನೊಬ್ಬಳು ಅದೇ ದುಡ್ಡಿಗೆ ಹೊಲಿಗೆ ಮೆಷಿನ್ ತಗೊಂಡು ತಾನೇ ಒಂದು ಕಪ್ಪೆ ಹೊಲಿಯುತ್ತಿದ್ದಾಳೆ. ಬಾಯಿ ಇನ್ನೂ ಸರಿ ಬಂದಿಲ್ಲವಂತೆ.

ಕಳೆದ ವಾರ ಕಂಪನಿಯಿಂದ ಮತ್ತೆ ಇಮೇಲ್ ಬಂತು. ಕಣ್ಣು ಪಾಸಾಗಿದೆಯಂತೆ, ಹಸಿರು ಇನ್ನೊಮ್ಮೆ ವಾಪಸ್ ಬಂದಿದೆಯಂತೆ. ಜೊತೆಗೆ ಬಟ್ಟೆಯ ಮೂರು ಚೂರುಗಳ ಫೋಟೋ ಇತ್ತು, ಎ, ಬಿ, ಸಿ ಎಂದು ಗುರುತು ಹಾಕಿದ್ದು. ನನ್ನ ಕಣ್ಣಿಗೆ ಬಿ ಸರಿ. ಹಾಗೆಂದು ಬರೆದು ಕಳಿಸಿದ್ದೇನೆ. ಅವರು ಕೇಳಿರಲಿಲ್ಲ.